ಕೋವಿಗೆ ನೀರು

ಗೆಟ್ಟವಾಡಿಯಿಂದ ಮದುವೆಯಾಗಿ ಪಣಕಹಳ್ಳಿಯ ಈ ಮನೆಗೆ ಬಂದಾಗ ನನಗೆ ಮೊದಲು ತೋರಿಸಿದ್ದು ದೇವರಮನೆ, ಆಮೇಲೆ ಕೋವಿ. ಅಡುಗೆಮನೆಯನ್ನು ಯಾರೂ ತೋರಿಸಲಿಲ್ಲ. ಅದನ್ನು ಇವಳೇ ಹುಡುಕಿಕೊಳ್ಳುತ್ತಾಳೆ ಎಂದುಕೊಂಡಿದ್ದರೋ ಏನೋ, ಹುಡುಕಿಕೊಂಡೆ.

ಕೋವಿ ಇರುವುದು ನಡುಮನೆಯ ಗೋಡೆಯಲ್ಲಿ, ಎರಡು ಗೂಟಗಳ ಮೇಲೆ. ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಕಡ್ಡಿಯಿಂದ ಜಡಿಯುವ ಹಳೆಯ ಕಾಲದ ಒಂಟಿ ನಳಿಗೆ ಅದು. ಲೈಸೆನ್ಸು ನಮ್ಮ ಮಾವ ಮಾದಯ್ಯನವರ ಹೆಸರಿನಲ್ಲಿದೆ. ಕಾಡಂಚಿನ ಜೋಳದ ಹೊಲಕ್ಕೆ ಹಂದಿ ನುಗ್ಗಿದರೆ ಒಂದು ಈಡು ಹಾರಿಸಿ ಬೆದರಿಸಬೇಕು, ಅಷ್ಟೇ ಅದರ ಕೆಲಸ. ನಮ್ಮದು ಲಿಂಗ ಕಟ್ಟಿದ ಮನೆ. ಈ ನಳಿಗೆಯೊಳಗೆ ಮದ್ದು ಮತ್ತು ತೆಂಗಿನ ನಾರು ಬಿಟ್ಟು ಇನ್ನೇನೂ ಇಳಿದಿಲ್ಲ, ಸೀಸದ ಚರೆ ಎಂದರೆ ಹೇಗಿರುತ್ತದೆ ಎಂದೂ ನಾವು ನೋಡಿದವರಲ್ಲ ಎಂದು ಮಾವ ಜಗುಲಿಯ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದರು. ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆ ದಿನ ಬೆಳಿಗ್ಗೆ ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿ ಠಾಣೆಯ ಮುರುಗನ್ ಫೋನ್ ಮಾಡಿದ. ಕಾನ್‌ಸ್ಟೇಬಲ್ ಆತ, ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಚುನಾವಣೆಗೆ ಅವನು ತೇರ್ದಲ್ ಎಂದೇ ಹೇಳುವುದು. ಈಗ ನಾವೂ ಹಾಗೇ ಹೇಳುತ್ತೇವೆ.

"ಮಾದಯ್ಯನೋರೆ, ತೇರ್ದಲ್ ಬಂತು. ಎಲ್ಲಾರೂ ತುಪ್ಪಾಕಿ ತಂದು ಒಪ್ಸಿಬುಟ್ರು, ನಿಮ್ದೊಂದೇ ಬಾಕಿ. ಇವತ್ತೇ ಕಡೇ ದಿವ್ಸ. ಸಾಯಂಕಾಲದೊಳಗೆ ತನ್ಬುಡಿ. ಕಾಲಿ ಇರ್ಬೇಕು, ಕಡ್ಡಿ ಬುಟ್ಟು ನೋಡ್ತೀವಿ."

"ಕಾಲಿಯೇ ಅದೆ ಕಣಪ್ಪ," ಎಂದರು ಮಾವ.

ನನ್ನ ಗಂಡ ಮಹದೇವಪ್ರಸಾದ್ ಕೋವಿಯನ್ನು ಗೂಟದಿಂದ ಇಳಿಸಿ ಜಗುಲಿಗೆ ತಂದ. ಒರೆಸುವ ಕೆಲಸ ನನ್ನದು. ಒರೆಸುತ್ತಾ ಒಂದು ಕುತೂಹಲಕ್ಕೆ ಕಡ್ಡಿಯನ್ನು ಒಳಗೆ ಬಿಟ್ಟೆ. ಅದು ತಳ ಮುಟ್ಟುವ ಮೊದಲೇ ಮೆತ್ತಗೆ ನಿಂತಿತು. ಬಾಯಿಯ ಹತ್ತಿರ ಹೆಬ್ಬೆರಳಿಟ್ಟು ಗುರುತು ಹಿಡಿದು, ಕಡ್ಡಿಯನ್ನು ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲೇ ಮಲಗಿಸಿ ನೋಡಿದೆ. ಒಳಗೆ ಒಂದು ಗೇಣಿಗೆ ಕಡಿಮೆಯಿಲ್ಲದಷ್ಟು ತುಂಬಿಕೊಂಡಿತ್ತು.

"ಮಾವ, ಇದು ಖಾಲಿ ಇಲ್ಲ," ಎಂದೆ.

ಮಾವ ಕಡ್ಡಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬೀದಿಯನ್ನು ನೋಡಿದರು. "ಓ, ಒಂದು ಸದ್ದಿನ ಈಡು ತುಂಬಿದ್ದೆ ಕಣವ್ವ, ಮರ್ತೇ ಓಗಿತ್ತು. ನಾರು ಒಸಿ ಜಾಸ್ತಿ ಜಡ್ದಿವ್ನಿ. ಇತ್ಲಲ್ಲಿ ನಿಂತ್ಕೊಂಡು ಆರ್ಸಿಬುಟ್ರೆ ಆಯ್ತು."

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಆ ವರ್ಷ ನಮ್ಮ ಸುತ್ತಮುತ್ತ ಹಂದಿಗಿಂತ ಆನೆಯ ಕಾಟ ಹೆಚ್ಚಾಗಿ, ಆನೆಗೆ ಕೋವಿ ತೋರಿಸುವಷ್ಟು ಗುಂಡಿಗೆ ಯಾರಿಗೂ ಇಲ್ಲದೆ, ಕೋವಿ ಬೆಳೆ ಮುಗಿಯುವವರೆಗೂ ಒಂದು ಸಲವೂ ಸದ್ದು ಮಾಡಿರಲಿಲ್ಲ. ಹಾಗಂತ ಗೋಡೆಯಲ್ಲೇ ಇತ್ತೇ? ಅದೂ ಇಲ್ಲ. ಹೊಲ ಕಾಯುವ ಚನ್ನಯ್ಯ ಆಗಾಗ ಅದನ್ನು ಹೆಗಲಿಗೇರಿಸಿಕೊಂಡು ಹೋಗುತ್ತಿದ್ದ. ಅವನಿಗೆ ಲೈಸೆನ್ಸಿಲ್ಲ. "ಕಾಲಿ ಅದೆ, ಸುಮ್ಕೆ ತೋರ್ಸಾಕೆ ಇಡ್ಕೊಂಡೋಗ್ಲಾ," ಎಂದು ಮಾವ ಕೊಡುತ್ತಿದ್ದರು. ಅವನೂ ವಾಪಸು ತಂದಾಗ "ಕಾಲಿ ಅದೆ ಬುದ್ಧಿ," ಎಂದೇ ಒಪ್ಪಿಸುತ್ತಿದ್ದ. ಇದು ನಾನು ಕಿವಿಯಾರೆ ಕೇಳಿದ ಮಾತು.

ಒಂದು ಗೇಣು ಎಂದರೆ ಒಂದೇ ಈಡಲ್ಲ ಎಂದು ನನ್ನ ಮನಸ್ಸು ಹೇಳಿತು. ಎರಡು ಈಡಿನ ಮದ್ದು ಒಂದರ ಮೇಲೊಂದು ಕೂತಿದ್ದರೆ ಕೋವಿ ಮುಂದಕ್ಕೆ ಹಾರುವ ಬದಲು ಹಿಡಿದವನ ಮುಖದ ಮೇಲೇ ಸಿಡಿಯುತ್ತದೆ. ನಮ್ಮ ಗೆಟ್ಟವಾಡಿಯಲ್ಲಿ ಹಾಗಾಗಿ ಕೈಯಿಲ್ಲದೆ ಉಳಿದವನೊಬ್ಬನನ್ನು ನೋಡಿ ಬೆಳೆದವಳು ನಾನು. ಅವನು ಎಡಗೈಯಲ್ಲಿ ಬೀಡಿ ಹಚ್ಚುವುದನ್ನು ನೋಡಲು ಮಕ್ಕಳೆಲ್ಲ ಸೇರುತ್ತಿದ್ದೆವು.

"ಈ ಕೋವಿಗೆ ಒಂದು ಸಲಕ್ಕೆ ಎಷ್ಟು ಮದ್ದು ಹಾಕಬೇಕು, ಅದಾದರೂ ಯಾರಿಗಾದರೂ ಗೊತ್ತಾ?" ಎಂದು ಕೇಳಿದೆ.

ಕೇಳಬಾರದಿತ್ತು. ಒಬ್ಬೊಬ್ಬರದು ಒಂದೊಂದು ಲೆಕ್ಕ. ಮಾವನದು ಅಂಗೈ ಗುಳಿ. ಎದುರುಮನೆಯವರದು ಬೆಂಕಿಪೊಟ್ಟಣ. ಹಾಲಿನ ಡೈರಿಯಿಂದ ಬರುತ್ತಿದ್ದ ಒಬ್ಬರು ನಿಂತು ಎರಡು ಬೆರಳು ಎಂದರು, ಯಾರ ಬೆರಳು ಎಂದರೆ ಸಿಟ್ಟಾದರು. ಎಲ್ಲರೂ ಆಣೆ ಇಟ್ಟು ಹೇಳುವವರೇ.

ನನ್ನ ಗಂಡನಂತೂ ಎಲ್ಲರಿಗಿಂತ ಮುಂದೆ. ನೆಟ್‌ವರ್ಕ್ ಸಿಗುವ ಜಗುಲಿಯ ಆ ಒಂದು ಮೂಲೆಗೆ ಆತುಕೊಂಡು ಫೋನು ತಿಕ್ಕತೊಡಗಿದ. ಅದೇನೂ ಹೊಸದಲ್ಲ. ತಿಂಗಳುಗಟ್ಟಲೆಯಿಂದ ಅವನಿಗೆ ಅದೇ ಗೀಳು. ಹೊರದೇಶದವರು ಹಂದಿ, ನರಿ, ಮೊಲ ಹೊಡೆಯುವುದಕ್ಕೆ ತಮ್ಮ ಬಂದೂಕನ್ನು ತಾವೇ ಕೊರೆದು, ತಮ್ಮ ತೋಟಾ ತಾವೇ ತುಂಬಿ, ಯಾವುದಕ್ಕೆ ಎಷ್ಟು ಮದ್ದು ಎಂದು ಪಟ್ಟಿ ಮಾಡಿ ಹಾಕಿರುತ್ತಾರಂತೆ. ಅವನು ನನಗೂ ತೋರಿಸಿದ್ದ. ಒಬ್ಬ ಬರೆದದ್ದನ್ನು ಕೆಳಗೆ ಇನ್ನೊಬ್ಬ ಹುಚ್ಚ ಎಂದು ಬೈದಿರುತ್ತಾನೆ. ಕೊನೆಯಲ್ಲಿ ಎಲ್ಲರೂ ಒಂದೇ ಮಾತು ಬರೆದಿರುತ್ತಾರೆ: ಇದನ್ನು ನಂಬಬೇಡಿ, ನಿಮ್ಮ ಬಂದೂಕು ಮಾಡಿದವನನ್ನೇ ಕೇಳಿ.

"ನಮ್ ಕೋವಿ ಯಾವ ಪಟ್ಟೀಲೂ ಇಲ್ಲ ಪದ್ಮ," ಎಂದ ಅವನು, ಅದೊಂದು ಹೆಮ್ಮೆಯ ವಿಷಯವೆಂಬಂತೆ. "ತಾತನ ಕಾಲದಲ್ಲಿ ನಳಿಗೆ ತುಕ್ಕು ತಿಂದಿತ್ತಂತೆ, ಆಚಾರಿ ಒಳಗೆ ಕೊರ್ದು ಅಗಲ ಮಾಡವ್ನೆ. ಇದರಂಗೆ ಲೋಕದಲ್ಲಿ ಇನ್ನೊಂದಿಲ್ಲ."

"ಹಾಗಾದರೆ ಆ ಆಚಾರಿಯನ್ನೇ ಕೇಳಿ."

ಆಚಾರಿ ಸತ್ತು ಎಷ್ಟೋ ಕಾಲವಾಗಿತ್ತು. ಚಾಮರಾಜನಗರದಲ್ಲಿ ಅವರ ಮೊಮ್ಮಗ ಮನೋಹರ ಗ್ಯಾಸ್ ಸ್ಟವ್ ರಿಪೇರಿ ಮಾಡುತ್ತಾನೆ. ನಂಬರು ಹುಡುಕಿ ಫೋನ್ ಮಾಡಿದೆ. ಪಾಪ, ಒಳ್ಳೆಯವನು. "ನಂಗೊಂದೂ ಗೊತ್ತಿಲ್ಲ ಅಕ್ಕ. ಆದ್ರೆ ತಾತ ಒಂದೊಂದು ಕೋವಿಗೂ ಅದರದೇ ಅಳತೆ ಅಂತ ಬಿದಿರಲ್ಲಿ ಒಂದು ಗಿಣ್ಣು ಕೊಯ್ದು ಕೊಡ್ತಿದ್ರು. ಅದು ನಿಮ್ಮನೇಲೇ ಇರ್ಬೇಕು, ನೋಡಿ," ಎಂದ.

ಬಿದಿರಿನ ಗಿಣ್ಣು ಎಂದ ಕೂಡಲೇ ನನಗೆ ನಗು ಬಂತು. ದಿನಾ ಬೆಳಿಗ್ಗೆ ನನ್ನ ಕೈಗೆ ಬರುತ್ತಿದ್ದ ಸಾಮಾನು ಅದು. ಅಡುಗೆಮನೆಗೆ ಹೋಗಿ ಕಾಫಿಪುಡಿ ಡಬ್ಬಿಯಿಂದ ತೆಗೆದುಕೊಂಡು ಬಂದು ಜಗುಲಿಯ ಮೇಲಿಟ್ಟೆ.

ನಮ್ಮ ಅತ್ತೆ ಶಿವಮಲ್ಲಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಶಿವನೆ! ನಾನು ಬಂದಾಗ್ಲಿಂದ ಇದ್ರಲ್ಲೇ ಅಲ್ವಾ ಕಾಪಿಪುಡಿ ಆಕ್ತಿರೋದು!"

"ಅದ್ಕೇ ನಿನ್ ಕಾಪಿ ಅಂಗೆ ಎದೆಗೆ ಒಡೀತಿತ್ತು," ಎಂದರು ಮಾವ. ಆ ದಿನ ಆ ಮನೆಯಲ್ಲಿ ನಕ್ಕದ್ದು ಅದೊಂದೇ ಸಲ.

ಸಿಕ್ಕಿದ ಅಳತೆ ನಮ್ಮನ್ನು ಬಿಡಿಸುವ ಬದಲು ಇನ್ನಷ್ಟು ಸಿಕ್ಕಿಸಿತು. ಗಿಣ್ಣಿನ ತುಂಬ ಕಾಫಿಪುಡಿ ತುಂಬಿ, ನಳಿಗೆಯಷ್ಟೇ ಅಗಲದ ಕಾಗದದ ಕೊಳವೆ ಸುತ್ತಿ ಅದಕ್ಕೆ ಸುರಿದೆ. ಎರಡು ಬೆರಳ ಎತ್ತರಕ್ಕೆ ನಿಂತಿತು. ಒಂದು ಗೇಣಿಗೂ ಎರಡು ಬೆರಳಿಗೂ ನಡುವೆ ಇರುವುದೆಲ್ಲ ಏನು? ಮಾವ ಮುಖ ತಿರುಗಿಸಿದರು. ನನ್ನ ಗಂಡ ನನಗಿಂತ ಮೊದಲೇ, ಯಾರೋ ಹಿಂದಿನಿಂದ ದೂಡಿದ ಹಾಗೆ, "ನಾರು, ನಾರು. ಉಳಿದದ್ದೆಲ್ಲ ನಾರೇ," ಎಂದ. ಹಣೆಯ ಮೇಲೆ ಬೆವರಿತ್ತು. ಬಿಸಿಲಿಗೆ ಎಂದುಕೊಂಡೆ.

"ನೀರು ಹೊಯ್ದುಬಿಡೋಣ," ಎಂದೆ ನಾನು. ಮದ್ದು ಒದ್ದೆಯಾದರೆ ಸತ್ತ ಹಾಗೇ. ಆಮೇಲೆ ಕೊಕ್ಕೆ ಹಾಕಿ ಎಳೆದು ತೆಗೆಯಬಹುದು. ಇದು ಎಲ್ಲರಿಗೂ ಗೊತ್ತಿದ್ದ ಮಾತೇ. ಯಾಕೆ ಯಾರೂ ಆಡುತ್ತಿಲ್ಲ ಎಂದು ನನಗೆ ಆಗ ತಿಳಿಯಲಿಲ್ಲ.

ಅತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಬುಡ್ತು ಅನ್ನು! ಏನ್ ಮಾತೂಂತ ಆಡ್ತೀಯೇ ನೀನು!"

ಈ ಮನೆಯಲ್ಲಿ ಕೋವಿಗೆ ನೀರು ಬೀಳುವುದು ಒಂದೇ ದಿನವಂತೆ. ಒಡೆಯ ತೀರಿಕೊಂಡಾಗ ಅವನನ್ನು ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೊರಗಿಸಿ ಕುಳ್ಳಿರಿಸಿದ ಮೇಲೆ ಕೋವಿಯನ್ನು ಪಕ್ಕದಲ್ಲಿ ನಿಲ್ಲಿಸಿ ನಳಿಗೆಗೆ ಒಂದು ಚೊಂಬು ನೀರು ಹೊಯ್ಯುತ್ತಾರೆ. ಆಮೇಲೆ ಮಗ ಅದನ್ನು ಒರೆಸಿ ಎಣ್ಣೆ ಹಚ್ಚಿ ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಮಾವನೂ ತಮ್ಮ ಅಪ್ಪನಿಂದ ಹಾಗೇ ತೆಗೆದುಕೊಂಡವರು.

"ನಾನಿನ್ನೂ ಉಸುರಾಡ್ತಾ ಇವ್ನಿ ಕಣವ್ವ," ಎಂದರು ಮಾವ. ಬೈದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಸರಿ, ಹುಣಸೆಮರಕ್ಕೆ ಕಟ್ಟಿ ದೂರ ನಿಂತು ಹಗ್ಗ ಎಳೆಯಿರಿ ಎಂದೆ. ಅದಕ್ಕೂ ಮಾವ ಒಪ್ಪಲಿಲ್ಲ. "ಮರಕ್ಕೆ ಕಟ್ಟುದ್ರೆ ಒಳಗೇನೋ ಅದೆ ಅಂತ ಊರಿಗೇ ಡಂಗುರ ಒಡ್ದಂಗೆ. ಬರೀ ಸದ್ದಿನ ಮದ್ದಾದ್ರೆ ಕೈಲಿ ಇಡ್ದು ಆರುಸ್ತಾರೆ."

ಅವರ ಹೆದರಿಕೆ ಏನೆಂದು ನನಗೆ ಗೊತ್ತಿತ್ತು. ತಾಳಮಲೆಯ ಕಡೆಯ ಕಾಡಂಚಿನಲ್ಲಿ ಚರೆ ತಗುಲಿದ ಹಂದಿಯೊಂದು ಸತ್ತುಬಿದ್ದಿತ್ತು. ಫಾರೆಸ್ಟಿನವರು ಕೋವಿ ಇದ್ದ ಮನೆಗಳಿಗೆಲ್ಲ ಬಂದು ಕೇಳಿ ಹೋಗಿದ್ದರು. ಮಾವ ಅವರೆದುರು ಕೊರಳಿನ ಲಿಂಗದ ಕರಡಿಗೆ ತೋರಿಸಿ, ನಮ್ಮನ್ನು ಇಂಥ ಮಾತು ಕೇಳಬಹುದೇ ಎಂದು ಅವರನ್ನೇ ನಾಚಿಸಿ ಕಳಿಸಿದ್ದರು. ಅಂದಿನಿಂದ ಈ ನಳಿಗೆಯೊಳಗೆ ಸದ್ದಲ್ಲದೆ ಬೇರೇನೂ ಇರುವ ಹಾಗೇ ಇರಲಿಲ್ಲ.

ಹೀಗೆ ನಾವೆಲ್ಲ ಸಿಕ್ಕಿಕೊಂಡೆವು. ಹಾರಿಸುವ ಹಾಗಿಲ್ಲ, ಹಾರಿಸದೆ ಒಪ್ಪಿಸುವ ಹಾಗಿಲ್ಲ, ಒಪ್ಪಿಸದೆ ಇಟ್ಟುಕೊಳ್ಳುವ ಹಾಗೂ ಇಲ್ಲ. ಮಧ್ಯಾಹ್ನದ ಊಟ ಬಡಿಸಿದೆ. ಮುದ್ದೆ ಮುರಿಯುವವರ ಕಣ್ಣೆಲ್ಲ ಬಾಗಿಲಾಚೆ ಜಗುಲಿಯ ಮೇಲೆ ಮಲಗಿದ್ದ ಕೋವಿಯ ಮೇಲೇ ಇತ್ತು. ಇಷ್ಟು ಜನ ಒಂದು ಕಬ್ಬಿಣದ ಕೊಳವೆಗೆ ಹೆದರಿ ಕೂತಿದ್ದೇವಲ್ಲ, ಯಾರಾದರೂ ಒಬ್ಬರು ಬಾಯಿಬಿಟ್ಟು ಒಳಗೆ ಇಂಥದ್ದಿದೆ ಎಂದುಬಿಟ್ಟರೆ ಮುಗಿಯಿತಲ್ಲ ಎಂದು ಕೂಗಬೇಕೆನಿಸಿತು.

ಊಟವಾದ ಮೇಲೆ ಮಾವ ಪಂಚೆ ಎತ್ತಿ ಕಟ್ಟಿದರು. "ನಾನೇ ಆರುಸ್ತೀನಿ," ಎಂದು ಕೋವಿ ಎತ್ತಿಕೊಂಡರು. ಅವರ ಕೈ ನಡುಗುವುದು ನನಗೆ ಗೊತ್ತು. ನೀರಿನ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುವವರು. ಹಿತ್ತಲಿಗೆ ಅವರ ಹಿಂದೆಯೇ ಎಲ್ಲರೂ ಹೋದೆವು.

ಹಿತ್ತಲಲ್ಲಿ ಚನ್ನಯ್ಯ ಸೌದೆ ಒಡೆಯುತ್ತಿದ್ದ. ಅವನ ಹೆಂಡತಿ ಕರಿಯಮ್ಮ ಒಡೆದದ್ದನ್ನು ಒಟ್ಟುತ್ತಿದ್ದಳು. ಬೆಳಿಗ್ಗೆಯಿಂದ ಜಗುಲಿಯಲ್ಲಿ ನಡೆದ ಮಾತೆಲ್ಲ ಅವರಿಗೆ ಕೇಳಿಸಿರಬೇಕು. ಕೇಳಿಸದ ಹಾಗೆ ಇರುವುದು ಈ ಮನೆಯಲ್ಲಿ ಅವರು ಕಲಿತ ಕೆಲಸಗಳಲ್ಲೊಂದು.

ಮಾವನ ಕೈಯಲ್ಲಿ ಕೋವಿ ಕಂಡು ಚನ್ನಯ್ಯ ಕೊಡಲಿ ಕೆಳಗಿಟ್ಟ. "ಬುಡಿ ಬುದ್ಧಿ. ನಿಮ್ ಕೈ ನಡುಗ್ತಾ ಅದೆ. ನಾನು ಆರುಸ್ತೀನಿ."

"ನೀನ್ಯಾಕ್ಲಾ?"

"ಒಲದಲ್ಲಿ ಇಡ್ಕೊಂಡು ತಿರುಗ್ದೋನು ನಾನೇ ಅಲ್ವ?"

ಅಷ್ಟೇ ಹೇಳಿದ. ಅವನ ಮುಖ ನೋಡಿದರೆ ಒಳಗೇನಿದೆ ಎಂದು ಅವನಿಗೆ ಸ್ವಲ್ಪವಾದರೂ ಗೊತ್ತಿದೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಬಾಯಿಬಿಟ್ಟರೆ ಲೈಸೆನ್ಸಿಲ್ಲದೆ ಕೋವಿ ತುಂಬಿದವನಾಗಿ ಅವನು ಜೈಲಿಗೆ. ಬಿಡದಿದ್ದರೆ ಈ ಮುದುಕನ ಕೈ. ಅವನು ಮೂರನೆಯ ದಾರಿ ಹಿಡಿದಿದ್ದ, ತನ್ನ ಕೈ.

ನಾಚಿಕೆಯಾಗುತ್ತದೆ ಹೇಳಲು, ಆ ಕ್ಷಣದಲ್ಲಿ ನಮ್ಮ ಹಿತ್ತಲು ಒಂದು ದೊಡ್ಡ ಉಸಿರು ಬಿಟ್ಟಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಚನ್ನಯ್ಯಂಗೆ ರೂಢಿ ಅದೆ," ಎಂದರು. ನನ್ನ ಗಂಡ, "ಹೂಂ, ಅವನೇ ಹಾರಿಸ್ಲಿ," ಎಂದ. ಎಂದವನೇ ದನದ ಕೊಟ್ಟಿಗೆಯ ಗೋಡೆಯ ಆಚೆಗೆ ಸರಿದ. ಮಾವನ ಕೈ ತಾನಾಗಿ ಸಡಿಲವಾಯಿತು. ಚನ್ನಯ್ಯ ಕೋವಿ ತೆಗೆದುಕೊಂಡ.

"ಬೇಡ ಚನ್ನಯ್ಯ, ಕೆಳಗಿಡು ಅದನ್ನ!" ಎಂದೆ ನಾನು.

"ಪದ್ಮ, ನೀನು ಒಳಗೆ ಹೋಗು," ಎಂದ ನನ್ನ ಗಂಡ, ಗೋಡೆಯ ಆಚೆಯಿಂದ.

ನಾನು ಹೋಗಲಿಲ್ಲ. ಚನ್ನಯ್ಯ ಹಿತ್ತಲ ಕೊನೆಗೆ ನಡೆದು, ಬೆಟ್ಟದ ಕಡೆಗೆ ಮುಖ ಮಾಡಿ, ಕೋವಿಗೆ ಕಿಡಿ ಹಚ್ಚುವ ಕೇಪು ಇಟ್ಟ. ಸುತ್ತಿಗೆ ಹಾಗಿರುವ ಕುದುರೆಯನ್ನು ಹಿಂದಕ್ಕೆಳೆದ ಟಕ್ಕೆಂಬ ಸದ್ದು ನಮ್ಮವರೆಗೂ ಕೇಳಿಸಿತು.

ಕರಿಯಮ್ಮ ಸೌದೆಯ ಹೊರೆ ಕೆಳಗೆ ಹಾಕಿ ನೇರ ಮಾವನ ಎದುರಿಗೆ ಬಂದು ನಿಂತಳು. ಅವಳು ಅಷ್ಟು ಹತ್ತಿರ ಬಂದು ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಬುದ್ಧಿ, ಬರೀ ಸದ್ದಿಂದೇ ಅಲ್ವಾ?"

"ಊಂ ಕಣಮ್ಮಿ."

"ಅಂಗಾದ್ರೆ ನಿಮ್ ಲಿಂಗ ಮುಟ್ಟಿ ಯೋಳಿ. ಯೋಳುದ್ರೆ ಅವ್ನು ಆರುಸ್ಲಿ."

"ಏನೇ ಅದು ಮಾತು!" ಎಂದು ಅತ್ತೆ ಬಾಯಿ ತೆರೆದರು. ಮಾವ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ಎತ್ತಿದ ಕೈ ಹಾಗೇ ಎದೆಯವರೆಗೂ ಬಂತು, ಕರಡಿಗೆಯ ಹತ್ತಿರ ಬಂದು ನಿಂತಿತು. ಬೆಳಿಗ್ಗೆಯಿಂದ ಅಷ್ಟು ಸುಳ್ಳು ಹೇಳಿದ ಬಾಯಿ, ಫಾರೆಸ್ಟಿನವರ ಎದುರು ಅದೇ ಕರಡಿಗೆ ಎತ್ತಿ ತೋರಿಸಿದ ಕೈ. ಈಗ ಆ ಕೈ ಬೆರಳಷ್ಟು ದೂರವನ್ನು ದಾಟಲಾರದೆ ಹೋಯಿತು. ಕರಿಯಮ್ಮ ಅವರ ಕೈಯನ್ನೇ ನೋಡುತ್ತಿದ್ದಳು.

"ಇಳ್ಸೋ ಚನ್ನಯ್ಯ," ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ಪದ್ಮ, ಒಂದು ಚೊಂಬು ನೀರು ತತ್ತಾವ್ವ," ಎಂದರು.

ಅತ್ತೆ ಅಳಲು ಶುರುಮಾಡಿದರು. ನಾನು ನೀರು ತಂದೆ. ಚನ್ನಯ್ಯ ಕೇಪು ತೆಗೆದು ಕುದುರೆ ಇಳಿಸಿ ಕೋವಿಯನ್ನು ಹುಣಸೆಮರಕ್ಕೆ ಒರಗಿಸಿ ನಿಲ್ಲಿಸಿದ. ಮಾವ ಅದರ ಪಕ್ಕದಲ್ಲೇ ಮರಕ್ಕೊರಗಿ ಚಕ್ಕಳಮಕ್ಕಳ ಹಾಕಿ ಕುಳಿತರು. ಒಡೆಯ ಹಾಗೆ ಕೂರಬೇಕಾದದ್ದು ಸತ್ತ ಮೇಲೆ. ಮೊಣಕಾಲೂರಿ ಎದ್ದು, ಎರಡು ಕೈಯಲ್ಲಿ ಚೊಂಬು ಹಿಡಿದು, ನಳಿಗೆಯ ಬಾಯಿಗೆ ನೀರು ಹೊಯ್ದರು. ಅರ್ಧ ಅವರ ತೋಳಿನ ಮೇಲೇ ಚೆಲ್ಲಿತು. ನನಗೆ ಅಳು ತಡೆಯಲಾಗಲಿಲ್ಲ.

ನೀರು ಇಳಿದು ನೆನೆಯುವವರೆಗೂ ಕಾದೆವು. ಆಮೇಲೆ ಚನ್ನಯ್ಯ ತಂತಿಯ ಕೊಕ್ಕೆ ಹಾಕಿ ತಿರುಗಿಸಿ ಎಳೆಯತೊಡಗಿದ. ನಾನು ಒಂದು ಮೊರ ಹಿಡಿದು ಕೂತೆ.

ಮೊದಲು ಬಂದದ್ದು ಬಟ್ಟೆಯ ಉಂಡೆ. ಒದ್ದೆಯಾಗಿ ಮಸಿಯಾಗಿತ್ತು. ಬಿಡಿಸಿದರೆ ಒಳಗಿನ ಮಡಿಕೆಯಲ್ಲಿ ಅರಿಸಿನ ಬಣ್ಣ ಹಾಗೇ ಇತ್ತು. ಗೌರಿಹಬ್ಬಕ್ಕೆ ತವರಿನಿಂದ ಬಂದ ನನ್ನ ರವಿಕೆ ಬಟ್ಟೆ ಅದು. ಪೆಟ್ಟಿಗೆಯಲ್ಲಿ ಕಾಣದೆ ಹೋಗಿ, ಅತ್ತೆ ಯಾರಿಗೋ ಕೊಟ್ಟುಬಿಟ್ಟರೆಂದು ನಾನು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೆ. ನಾರಿಗಿಂತ ಹತ್ತಿಬಟ್ಟೆ ಒಳ್ಳೆಯದು ಎಂದು ಫೋನು ನೋಡಿಕೊಂಡು ನನಗೆ ಹೇಳಿದ್ದವನು ಒಬ್ಬನೇ. ನಾನು ತಲೆ ಎತ್ತಲಿಲ್ಲ. ಬಟ್ಟೆಯ ಹಿಂದೆ ಕಪ್ಪು ಕೆಸರಿನ ಹಾಗೆ ಮದ್ದು ಬಂತು.

ಆಮೇಲೆ ನಾರು. ನಾರಿನ ಕೆಳಗೆ ಸೀಸದ ಚರೆ, ಸಾಸಿವೆಗಿಂತ ದಪ್ಪ. ಅದರ ಕೆಳಗೆ ಮತ್ತೆ ಮದ್ದು.

"ಇದು ನಂದು ಬುದ್ಧಿ," ಎಂದ ಚನ್ನಯ್ಯ, ಎಳೆಯುವುದನ್ನು ನಿಲ್ಲಿಸದೆ. "ಕಾಲಿ ಅದೆ ಅಂತ ಕೊಟ್ರಿ. ಬರೀ ಕೈಲಿ ಆ ಕಾಡಂಚ್ಗೆ ಎಂಗೆ ಓಗ್ಲಿ ಅಂತ ತುಂಬ್ದೆ. ಅಂದಿ ಬರ್ಲೇ ಇಲ್ಲ."

ಎಲ್ಲಕ್ಕಿಂತ ಕೆಳಗೆ, ಗಟ್ಟಿಯಾಗಿ ಜಡಿದ ನಾರು, ಸೈಕಲ್ಲಿನ ಕಬ್ಬಿಣದ ಗುಂಡುಗಳು, ಮತ್ತೆ ಮದ್ದು. ಗುಂಡುಗಳು ಮೊರದಲ್ಲಿ ಉರುಳಿದವು. ಮಾವ ಅವುಗಳನ್ನು ನೋಡುತ್ತಾ, "ಅದು ನಂದು," ಎಂದರು. "ಈ ವರ್ಸ ಅಂದಿಗ್ಳು ಬೀಟ್‌ರೂಟ್ ಒಂದನ್ನೂ ಬುಡದಂಗೆ ಅಗ್ದಾಕಿದ್ವು. ತಡ್ಕೊಳಾಕಾಗ್ಲಿಲ್ಲ." ಅತ್ತೆ ಅವರನ್ನು ಅಪರಿಚಿತರನ್ನು ನೋಡುವ ಹಾಗೆ ನೋಡಿದರು.

ಕೊಕ್ಕೆ ತಳ ಮುಟ್ಟಿ ಠಣ್ ಎಂದಿತು. ಖಾಲಿಯಾಯಿತು. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮಾವ ಮೊರದಲ್ಲಿದ್ದ ಬಟ್ಟೆಯನ್ನು ಎತ್ತಿದರು. "ಮೊದಲು ಬಂತಲ್ಲ ಇದು, ಇದ್ಯಾರ್ದು?"

ಚನ್ನಯ್ಯ ತನ್ನದಲ್ಲ ಎಂದು ತಲೆಯಾಡಿಸಿದ. ನನ್ನ ಗಂಡ ಕೊಟ್ಟಿಗೆಯ ಗೋಡೆಯ ಪಕ್ಕದಲ್ಲಿ ನಿಂತಿದ್ದ. ಅವನು ನನ್ನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಬೇಡುವುದಿತ್ತು, ಸ್ವಲ್ಪ ಗದರುವುದೂ ಇತ್ತು. ಹೇಳದಿದ್ದರೆ ಅದು ನಾವಿಬ್ಬರೂ ಸಾಯುವವರೆಗೂ ನನ್ನೊಳಗೆ ಜಡಿದುಕೊಂಡು ಕೂರುತ್ತದೆ. ಹೇಳಿದರೆ ಈ ಮನೆಯಲ್ಲಿ ಅವನಿಗೆ ಮುಖವಿಲ್ಲ. ಅವನಿಗೆ ಮುಖವಿಲ್ಲದ ಮನೆಯಲ್ಲಿ ಬದುಕಬೇಕಾದವಳೂ ನಾನೇ.

"ನನ್ನ ರವಿಕೆ ಬಟ್ಟೆ ಮಾವ," ಎಂದೆ. "ನಾನು ಕೋವಿ ತುಂಬಿದವಳಲ್ಲ."

ಎಲ್ಲರೂ ಅವನ ಕಡೆ ತಿರುಗಿದರು. ಅವನು ಎರಡು ಹೆಜ್ಜೆ ಮುಂದೆ ಬಂದ. "ಬರೀ ಸದ್ದಿಗೆ ಅಪ್ಪ. ಖಾಲಿ ಅದೆ ಅಂತ ನೀವೇ ಅಂದಿದ್ರಿ. ಒಂದ್ಸಲ ನೋಡಾಣ ಅಂತ. ಎಲ್ಲಾ ಕಡೆ ಓದಿ, ಹೋಲಿಸಿ ನೋಡಿ ಹಾಕಿದ್ದು. ನನ್ನ ಅಳತೆ ಸರಿಯಾಗೇ ಇತ್ತು."

ಚನ್ನಯ್ಯ ಕೈಯ ಮಸಿಯನ್ನು ಹುಲ್ಲಿಗೆ ಒರೆಸುತ್ತಿದ್ದ. "ನಿಮ್ ಅಳ್ತೆ ಸರ್ಯಾಗೇ ಇತ್ತು ಸ್ವಾಮಿ. ನಂದೂ ಸರ್ಯಾಗಿತ್ತು. ಬುದ್ಧಿಯೋರ್ದೂ ಸರ್ಯಾಗಿತ್ತು."

ಕರಿಯಮ್ಮ ಕೊಡಲಿಯನ್ನು ತಾನೇ ಎತ್ತಿಕೊಂಡು, ಗಂಡನ ಮೊಣಕೈ ಹಿಡಿದು, ಹಿತ್ತಲ ಬಾಗಿಲಿನಿಂದ ಕರೆದುಕೊಂಡು ಹೋದಳು. ಒಡೆಯದೆ ಉಳಿದ ಸೌದೆ ಹಾಗೇ ಬಿದ್ದಿತ್ತು. ನಾಳೆ ಬರುತ್ತಾರೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ನೀರು ಬಿದ್ದ ಮೇಲೆ ಮಗ ಕೋವಿಯನ್ನು ಒರೆಸಿ ತೆಗೆದುಕೊಳ್ಳಬೇಕು. ಅವನು ಕೈ ಚಾಚಿದ. ಮಾವ ಕೊಡಲಿಲ್ಲ. ತ್ರಾಣವಿಲ್ಲದ ಕೈಯಲ್ಲೇ, ತಮ್ಮ ಹೆಗಲ ಟವೆಲಿನಿಂದ ನಳಿಗೆ ಒರೆಸಿದರು. ಬಸ್ಸಿಗೆ ಕಾದರೆ ಹೊತ್ತಾಗುತ್ತದೆಂದು ಕೊನೆಗೆ ಅವನ ಬೈಕಿನ ಹಿಂದೆಯೇ ಹತ್ತಬೇಕಾಯಿತು. ಕೋವಿಯನ್ನು ಗೋಣಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತರು. ಬೀದಿ ಹಳ್ಳ ದಿಣ್ಣೆಯದಾದರೂ ಮಗನ ಹೆಗಲು ಹಿಡಿಯಲಿಲ್ಲ.

ಅತ್ತೆ ನಡುಮನೆಯಲ್ಲಿ ಬರೀ ಗೂಟಗಳ ಕೆಳಗೆ ಕೂತರು. ಕೋವಿಗೆ ನೀರು ಬಿದ್ದ ದಿನ ಈ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಂತೆ. ಆದರೆ ಹೊಯ್ದವರು ಬದುಕಿದ್ದಾರೆ. "ಅಚ್ಚಬೇಕೋ ಬ್ಯಾಡ್ವೋ, ಯಾರ್ನ ಕೇಳ್ಲಿ ಪದ್ಮ?" ಎಂದರು. ನಾನು ಹೋಗಿ ಹಚ್ಚಿದೆ.

ಆ ರವಿಕೆ ಬಟ್ಟೆಯನ್ನು ಸೋಪು ಹಾಕಿ ತಿಕ್ಕಿದೆ. ಮಸಿ ಹೋಯಿತು, ವಾಸನೆ ಹೋಗಲಿಲ್ಲ. ತಿಕ್ಕುತ್ತಾ ಯೋಚಿಸಿದೆ. ಚನ್ನಯ್ಯ ಸಾಯಲಿ ಎಂದು ನನ್ನ ಗಂಡ ಬಯಸಿದವನಲ್ಲ. ಅಂಥ ಕೆಟ್ಟವನೇ ಅಲ್ಲ. ನಾನು ಜ್ವರದಲ್ಲಿ ಮಲಗಿದಾಗ ತಲೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿರುವವನು. ಇವತ್ತು ಬಾಯಿ ಬಿಡಲಿಲ್ಲ, ಗೋಡೆಯ ಆಚೆಗೆ ಸರಿದ, ಅಷ್ಟೇ. ಮಾವನ ಕೈ ಕರಡಿಗೆಯ ಹತ್ತಿರ ನಿಂತಿತಲ್ಲ, ಇವನಿಗೆ ಹಾಗೆ ನಿಲ್ಲುವಂಥದ್ದು ಒಂದೂ ಇರಲಿಲ್ಲ. ಕೆಟ್ಟವನಾಗಿದ್ದರೆ ದ್ವೇಷಿಸಿ ತವರಿಗೆ ಹೋಗಬಹುದಿತ್ತು. ಇಂಥವನನ್ನು ಬಿಟ್ಟು ಬಂದೆ ಎಂದರೆ ಗೆಟ್ಟವಾಡಿಯಲ್ಲಿ ಯಾರಿಗೆ ಏನೆಂದು ವಿವರಿಸಲಿ?

ಬಿಸಿಲು ಇಳಿಯುವ ಹೊತ್ತಿಗೆ ಬೈಕಿನ ಸದ್ದು ಕೇಳಿಸಿತು. ಮಾವ ಒಳಗೆ ಬಂದವರೇ ಬರೀ ಗೂಟಗಳ ಕಡೆ ನೋಡದೆ ಕೋಣೆಗೆ ಹೋದರು. ಅವನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ.

"ತಗೊಂಡ್ರು," ಎಂದ. "ಕಡ್ಡಿ ಬಿಟ್ಟು ನೋಡಿ, ಕ್ಲೀನಾಗದೆ ಅಂದ್ರು." ಆಮೇಲೆ, "ಒಂದು ಲೋಟ ಕಾಫಿ ಮಾಡ್ತೀಯಾ ಪದ್ಮ?" ಎಂದ.

ಬೇರೇನಾದರೂ ಹೇಳುತ್ತಾನೆಂದು ಕಾದೆ. ಒಲೆಯ ಮೇಲೆ ನೀರಿಟ್ಟು, ಬಿದಿರಿನ ಗಿಣ್ಣು ತೆಗೆದುಕೊಂಡು, ಅಂಚಿನ ಮಟ್ಟಕ್ಕೆ ಬೆರಳಿನಿಂದ ಸವರಿ, ಪುಡಿಯನ್ನು ಅಳತೆಗೆ ಸರಿಯಾಗಿ ಹಾಕಿದೆ.